ಅಟ್ಟದ ಮೇಲಿನ ಒಗಟುಗಳು



ಮೊದಲಿಗೇ ಒಂದು ಒಗಟು ಹಾಕಿಬಿಡುತ್ತೇನೆ.

'ಹುಟ್ಟಿದ್ದು ಒಂದೇ ಮರದಲ್ಲಿ. ಹೆಸರು ಒಂದೇ, ಕೆಲಸವೂ ಒಂದೇ. ಹೊಟ್ಟೆ ಮಾತ್ರ ಬೇರೆ. ಸಣ್ಣ ಹೊಟ್ಟೆಯವನು ಕೊಡುವಾಗ ಬರುತ್ತಾನೆ, ದೊಡ್ಡ ಹೊಟ್ಟೆಯವನು ತೆಗೆದುಕೊಳ್ಳುವಾಗ ಬರುತ್ತಾನೆ. ಯಾರವರು?'

ಈ ಒಗಟನ್ನು ನಾನು ಕೇಳಿದ್ದು ಹತ್ತು ವರ್ಷದವನಿದ್ದಾಗ, 1960ರ ದಶಕದ ನಡುವೆ, ಹೊಸನಗರ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯ ಜಗಲಿಯಲ್ಲಿ. ಕೇಳಿದವರು ನಮ್ಮ ಮನೆಯ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಒಬ್ಬ ಹಿರಿಯರು. 'ಸಣ್ಣೊಡೇರೇ, ಇದೊಂದು ಬಿಡಿಸಿ ನೋಡಾನ' ಎಂದು ನಕ್ಕರು. ನನಗೆ ಬಿಡಿಸಲು ಬರಲಿಲ್ಲ. ಒಳಗೆ ಹೋಗಿ ಅಜ್ಜನನ್ನು ಕೇಳಿದೆ. ಅಜ್ಜ ಕವಳದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರೇ ಹೊರತು ಉತ್ತರ ಹೇಳಲಿಲ್ಲ. ಉತ್ತರ ಗೊತ್ತಿಲ್ಲದೆ ಸುಮ್ಮನಿರುವುದು ಬೇರೆ, ಗೊತ್ತಿದ್ದೂ ಸುಮ್ಮನಿರುವುದು ಬೇರೆ. ಇವೆರಡರ ವ್ಯತ್ಯಾಸ ಹತ್ತು ವರ್ಷದ ಹುಡುಗನಿಗೆ ತಿಳಿಯುವಂಥದಲ್ಲ.

ನೀವು ಊಹಿಸುತ್ತಾ ಇರಿ. ಅಷ್ಟರಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಇನ್ನೂ ಕೆಲವು ಒಗಟುಗಳನ್ನು ಮುಂದಿಡುತ್ತೇನೆ. ಇವು ಹಳೆಯವಲ್ಲ, ಈ ಮಾತುಕತೆಗೆಂದೇ ನಾನು ಕಟ್ಟಿದವು. ಒಗಟನ್ನು ಓದಿದ ಕೂಡಲೇ ಮುಂದಿನ ಸಾಲನ್ನು ಅಂಗೈಯಿಂದ ಮುಚ್ಚಿಕೊಳ್ಳಿ. ಊಹಿಸಿದ ಮೇಲೆ ಕೈ ತೆಗೆಯಿರಿ. ಪಠ್ಯಪುಸ್ತಕದ ಪ್ರಶ್ನೆಯಂತೆ ಇದಕ್ಕೆ ಅಂಕವಿಲ್ಲ, ಆದ್ದರಿಂದ ನಕಲು ಹೊಡೆದೂ ಪ್ರಯೋಜನವಿಲ್ಲ!

'ಕಡಲಿಲ್ಲದ ಸಾಗರ ಎಲ್ಲಿದೆ? ಹಳೆಯದನ್ನು ಕಾಡಿನಲ್ಲಿ ಬಿಟ್ಟುಬಂದ ಹೊಸತು ಎಲ್ಲಿದೆ?'

ಇದು ಸುಲಭ, ಊರುಗಳ ಹೆಸರೇ ಉತ್ತರ. ಆದರೆ ಆ ಹೆಸರುಗಳು ಬಂದುದು ಹೇಗೆ? ಸಾಗರದಲ್ಲಿ ಕೆಳದಿಯ ಸದಾಶಿವ ನಾಯಕನ ಕಾಲದ ಒಂದು ಕೆರೆಯಿದೆ. ಸದಾಶಿವಸಾಗರವೆಂದು ಅದರ ಹೆಸರು. ಈಗ ಜನ ಗಣಪತಿ ಕೆರೆ ಎನ್ನುತ್ತಾರೆ. ಕೆರೆಗೆ ಬೇರೆ ಹೆಸರು ಬಂತು, ಕೆರೆಯ ಹಳೆಯ ಹೆಸರಿನ ಅರ್ಧ ಊರಿಗೆ ಉಳಿಯಿತು. ಹೊಸನಗರದ ಕಥೆ ಇನ್ನೂ ಸ್ವಾರಸ್ಯದ್ದು. ಕೆಳದಿ, ಇಕ್ಕೇರಿಗಳ ನಂತರ ಕೆಳದಿ ಅರಸರ ಮೂರನೆಯ ರಾಜಧಾನಿಯಾದದ್ದು ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರ ಎಂದು ಕರೆದ. ಕಾಲ ಕಳೆದಂತೆ ಹೈದರ್ ಉದುರಿ ಬರಿಯ 'ನಗರ' ಉಳಿಯಿತು. ಮುಂದೆ ತಾಲ್ಲೂಕಿನ ಕಚೇರಿಗಳು ಅಲ್ಲಿಂದ ಕಲ್ಲೂರುಕಟ್ಟೆ ಎಂಬಲ್ಲಿಗೆ ಬಂದಾಗ ಆ ಊರು 'ಹೊಸ' ನಗರವಾಯಿತು. ಒಂದು ಕಾಲದ ರಾಜಧಾನಿ ಇಂದು ಕೋಟೆಯ ಗೋಡೆ, ಕೊಳ, ಮಳೆ ಇವುಗಳ ನಡುವೆ ಒಂದು ಹೋಬಳಿ. ನೀವು ಹೊಸನಗರದ ಬಸ್ಸಿನ ಬೋರ್ಡನ್ನು ಓದುವಾಗಲೆಲ್ಲ ಹೈದರಾಲಿಯ ಒಂದು ಯುದ್ಧವನ್ನು ಅರ್ಧ ಓದಿದ ಹಾಗೆ.

ತೀರ್ಥಹಳ್ಳಿಯ ಹೆಸರಿಗೆ ಒಗಟು ಬೇಕಿಲ್ಲ, ತುಂಗೆಯೇ ಹೇಳುತ್ತಾಳೆ. ಮುಂದಕ್ಕೆ ಹೋಗೋಣ.

'ಬೆನ್ನ ಮೇಲೆ ಮನೆಯುಂಟು, ಬಾಗಿಲಿಲ್ಲ. ಆಮೆಯಲ್ಲ, ಬಸವನಹುಳುವಲ್ಲ. ಬಗ್ಗಿದವರನ್ನು ಕಾಯುತ್ತದೆ, ನಿಂತವರನ್ನು ಕಾಯದು.'

ಕೈ ತೆಗೆದಿರಾ? ಅದು ಗೊರಬು. ಬಿದಿರಿನ ಹೆಣಿಗೆಯ ನಡುವೆ ಎಲೆಗಳನ್ನು ಒತ್ತೊತ್ತಾಗಿ ಪೇರಿಸಿ ಮಾಡಿದ, ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನನ್ನು ಮುಚ್ಚುವ ದೋಣಿಯಂಥ ಮಳೆಮರೆ. ಬಗ್ಗಿ ಸಸಿ ನೆಡುವ ಹೆಂಗಸರಿಗಾಗಿಯೇ ಇದನ್ನು ಮಾಡಿದ್ದು. ಕೊಡೆ ಹಿಡಿದರೆ ಒಂದು ಕೈ ಹೋಯಿತು. ಕಂಬಳಿಕೊಪ್ಪೆ ನೆನೆದರೆ ಭಾರ. ಗೊರಬು ಹೊತ್ತರೆ ಎರಡು ಕೈಯೂ ಬಿಡುವು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಂಥ ಮಳೆಯಲ್ಲಿ ದಿನವಿಡೀ ಕೆಸರಿನಲ್ಲಿ ಬಗ್ಗಿ ದುಡಿದವರ ಬೆನ್ನಿನ ಲೆಕ್ಕ ಯಾವ ಶಾಸನದಲ್ಲೂ ಇಲ್ಲ. ಗೊರಬಿನಲ್ಲಿ ಇದೆ. ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಗೊರಬು ಗೋಡೆಯ ಮೊಳೆಗೆ ಏರಿತು, ಈಗ ಹೋಮ್‌ಸ್ಟೇಗಳ ಜಗಲಿಯಲ್ಲಿ ಅಲಂಕಾರಕ್ಕೆ ತೂಗುತ್ತದೆ.

'ಮಳೆ ಹಿಡಿಯುವ ಮೊದಲು ಟೊಪ್ಪಿ ತೊಡುತ್ತೇನೆ. ತೊಡುವುದು ತಲೆಗಲ್ಲ, ಕುತ್ತಿಗೆಗೆ. ತೊಡಿಸುವವನು ನೆಲದ ಮೇಲಿಲ್ಲ.'

ಇದು ಅಡಿಕೆ ಮರ. ಮಳೆಗಾಲದ ಕೊಳೆರೋಗದಿಂದ ಕಾಯಿ ಉದುರದಂತೆ ಪ್ರತಿ ಗೊನೆಗೂ ಹಾಳೆಯ ಕೊಟ್ಟೆ ಕಟ್ಟುತ್ತಿದ್ದರು. ಮರದಿಂದ ಮರಕ್ಕೆ ದಾಟುತ್ತಾ ಒಬ್ಬನೇ ಇಡೀ ತೋಟಕ್ಕೆ ಟೊಪ್ಪಿ ತೊಡಿಸಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಈ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಬಂದುದು ಆ ಬಳಿಕ. ದ್ರಾಕ್ಷಿಗೆಂದು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಹುಟ್ಟಿದ ಔಷಧಿ ಮಲೆನಾಡಿನ ಅಡಿಕೆಯನ್ನು ಉಳಿಸಿತು. ನಮ್ಮ ಕಡೆ ಮಾತಿನಲ್ಲಿ ಅದು 'ಬೋಡೋ' ಆಗಿ, ಫ್ರೆಂಚ್ ಮೂಲವನ್ನು ಪೂರ್ತಿ ಮರೆತಿದೆ.

ಅಡಿಕೆ ಎಂದ ಮೇಲೆ ಅಳತೆ, ಅಳತೆ ಎಂದ ಮೇಲೆ ಕಂದಾಯ. ಈಗ ಸ್ವಲ್ಪ ಕಷ್ಟದ ಒಗಟು.

'ದೇವಸ್ಥಾನದಲ್ಲಿದೆ ಒಂದು ಕೋಲು. ಕಣ್ಣಿಗೆ ಕಾಣದು, ಕೈಗೆ ಸಿಗದು, ಯಾರೂ ಕದಿಯಲಾರರು, ಯಾರೂ ಕತ್ತರಿಸಲಾರರು.'

ಕಾಣದ ಕೋಲು ಎಂದರೇನು? ಸಾಗರಕ್ಕೆ ಹತ್ತಿರದ ಇಕ್ಕೇರಿಯಲ್ಲಿ ಅಘೋರೇಶ್ವರ ದೇವಾಲಯವಿದೆ. ನಿಮ್ಮಲ್ಲಿ ಹಲವರು ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋಗಿ ನಂದಿಯ ಮುಂದೆ ಫೋಟೋ ತೆಗೆಸಿಕೊಂಡಿರಬಹುದು. ಆ ದೇವಾಲಯದ ನಡುಗಂಬಗಳ ನಡುವಿನ ಅಂತರವನ್ನೇ ತೋಟ ಅಳೆಯುವ ಕೋಲಿನ ಉದ್ದವೆಂದು ಗೊತ್ತುಪಡಿಸಿದ್ದರೆಂದು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಅಂತರ 18 ಅಡಿ 6 ಅಂಗುಲ. ಆ ಅಳತೆಯ ಹೆಸರು ದಾಯ. ಮರದ ಕೋಲಾದರೆ ಅಧಿಕಾರಿಯೊಬ್ಬ ಒಂದು ಗೇಣು ಕತ್ತರಿಸಿ ತೋಟವನ್ನು ದೊಡ್ಡದು ಮಾಡಿಯಾನು. ಕಲ್ಲಿನ ಕಂಬಗಳ ನಡುವಿನ ಬಯಲನ್ನು ಕತ್ತರಿಸುವುದು ಹೇಗೆ? ಅನುಮಾನ ಬಂದ ರೈತ ತನ್ನ ಹಗ್ಗವನ್ನು ತಂದು ಅಲ್ಲಿ ಹಿಡಿದು ನೋಡಬಹುದು. ಅಳತೆ ಅರಸನ ಪೆಟ್ಟಿಗೆಯಲ್ಲಿ ಇರಲಿಲ್ಲ, ಎಲ್ಲರೂ ಕಾಣುವ ಜಾಗದಲ್ಲಿತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಲ್ಲಿ ಒಂದು ಉಪಕಥೆ. 'ಶಿಸ್ತಿನ ಶಿವಪ್ಪ ನಾಯಕ' ಎಂದು ನೀವೆಲ್ಲ ಓದಿದ್ದೀರಿ. ಶಿವಪ್ಪ ನಾಯಕ ಬಹಳ ಶಿಸ್ತುಗಾರ, ಬೆಳಿಗ್ಗೆ ಬೇಗ ಏಳುತ್ತಿದ್ದ ಎಂದು ಒಬ್ಬ ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ಬರೆದಿದ್ದ. ಎದ್ದಿದ್ದರೂ ಇರಬಹುದು, ಆದರೆ ಇಲ್ಲಿ ಶಿಸ್ತು ಎಂದರೆ ಭೂಕಂದಾಯದ ನಿಗದಿ. 1645ರಿಂದ 1660ರವರೆಗೆ ಆಳಿದ ಆತ ಭೂಮಿಯನ್ನು ಮಣ್ಣಿನ ಗುಣಕ್ಕೆ ತಕ್ಕಂತೆ ತರಗಳಾಗಿ ವಿಂಗಡಿಸಿ, ಪ್ರತಿ ಗ್ರಾಮದಲ್ಲೂ ಪ್ರತಿ ತರದ ಒಂದೊಂದು ಹೊಲವನ್ನು ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು ಬೆಳೆದದ್ದೆಷ್ಟು ಎಂದು ಲೆಕ್ಕವಿಟ್ಟು ಆಮೇಲೆ ಕಂದಾಯ ಕಟ್ಟಿದನೆಂದು ಗೆಜೆಟಿಯರ್ ಹೇಳುತ್ತದೆ. ಹನ್ನೆರಡು ವರ್ಷ! ಕಂದಾಯ ಹಾಕುವವನಿಗೆ ಇಷ್ಟು ತಾಳ್ಮೆ ಇದ್ದುದು ಅಪರೂಪ. ಆತನ ರಾಜ್ಯದಲ್ಲಿ ರೈತರಿಗೆ ಕಷ್ಟವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಎಷ್ಟು ಕೊಡಬೇಕೆಂಬುದು ಮೊದಲೇ ಗೊತ್ತಿರುತ್ತಿತ್ತು ಎಂಬುದಷ್ಟೇ ಮಾತು. ಅದು ಸಣ್ಣ ಸಂಗತಿಯಲ್ಲ.

ಇನ್ನೊಂದು ಒಗಟು, ಈ ಬಾರಿ ಗದ್ದೆಯ ಅಂಚಿನಿಂದ.

'ಬಸುರಿಗೆ ಬಯಕೆಯ ಊಟ ಹೊತ್ತು ಹೋಗುತ್ತೇನೆ. ಉಣ್ಣುವವಳಿಗೆ ಬಾಯಿಲ್ಲ, ಬಡಿಸುವವನಿಗೆ ಎಲೆಯಿಲ್ಲ. ಮೈತುಂಬ ಚಿತ್ತಾರ ನನಗೆ.'

ಮಲೆನಾಡಿನವರಾದರೆ ಕೈ ಮುಚ್ಚುವ ಮೊದಲೇ ಹೇಳಿರುತ್ತೀರಿ: ಭೂಮಣ್ಣಿ ಬುಟ್ಟಿ. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಆಗ ಬಸುರಿ. ಅವಳ ಬಯಕೆ ತೀರಿಸಲು ಬಗೆಬಗೆಯ ಸೊಪ್ಪು ಬೇಯಿಸಿ ಹಚ್ಚಂಬಲಿ ಮಾಡಿ, ಬೆಳಕು ಹರಿಯುವ ಮುನ್ನ ಗದ್ದೆಗೆ ಒಯ್ದು ಬೀರುತ್ತಾರೆ. ಅದನ್ನು ಹೊತ್ತೊಯ್ಯುವ ಬಿದಿರ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಸೂಜಿಮೊನೆಯಷ್ಟು ಸಣ್ಣ ಗೆರೆಗಳನ್ನು ಎಳೆಯುತ್ತಾರೆ. ಸಾಗರ ಸೀಮೆಯ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ತಾಯಿಯಿಂದ ಕಲಿತು ಮಗಳಿಗೆ ಕಲಿಸಿದ ಕಲೆ ಇದು. ಮದುವೆಯ ಮನೆಯ ಗೋಡೆಯ ಮೇಲೆ ಬರೆದರೆ ಅದೇ ಹಸೆ ಚಿತ್ತಾರ.

ಚಿತ್ತಾರ ಚೆಂದ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಭೂಮಿಗೆ ಹೀಗೆ ಉಣ್ಣಿಸಿದವರಿಗೆ ಆ ಭೂಮಿ ಸ್ವಂತವಾಗಿತ್ತೇ? ಬಹಳ ಜನರಿಗೆ ಇರಲಿಲ್ಲ. ಅವರು ಗೇಣಿದಾರರು. ಬೆಳೆದ ಭತ್ತದಲ್ಲಿ ಒಡೆಯರ ಪಾಲನ್ನು ಅಳೆದು ಕೊಟ್ಟು, ಉಳಿದದ್ದರಲ್ಲಿ ವರ್ಷ ದೂಡಬೇಕು. ಇಲ್ಲಿಗೆ ನಾವು ಮೊದಲನೆಯ ಒಗಟಿನ ಹತ್ತಿರ ಬಂದೆವು.

ಎರಡು ಹೊಟ್ಟೆಯ ಆ ಅಣ್ಣತಮ್ಮಂದಿರು ಕೊಳಗಗಳು.

ಕೊಳಗವೆಂದರೆ ಭತ್ತ ಅಳೆಯುವ ಪಾತ್ರೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಈ ಸೀಮೆಯಲ್ಲಿ ಒಂದು ಕೊಳಗಕ್ಕೆ ಮೂರು ಸೇರು ಎಂಬುದು ಒಪ್ಪಿತವಾದ ಲೆಕ್ಕ. ಆದರೆ ಗೇಣಿ ಅಳೆಯಲು ಬರುವ ಕೊಳಗ ಮೂರು ಸೇರಿಗಿಂತ ಹೆಚ್ಚು ನುಂಗುತ್ತಿತ್ತು. ಒಡೆಯರು ಸಾಲವಾಗಿ, ಕೂಲಿಯಾಗಿ ಭತ್ತ ಕೊಡುವಾಗ ಬೇರೆ ಕೊಳಗ. ಅಳೆಯುವಾಗ ಮೊದಲನೆಯದನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುವ ಪದ್ಧತಿ ನಿಮಗೆ ಗೊತ್ತಿರಬಹುದು. ಯಾರ ಲಾಭ ಎಂಬುದನ್ನು ಕೊಳಗದ ಹೊಟ್ಟೆ ತೀರ್ಮಾನಿಸುತ್ತಿತ್ತು.

ಒಂದು ಸಣ್ಣ ಲೆಕ್ಕ ಮಾಡಿ. ಒಬ್ಬ ರೈತ ಇಪ್ಪತ್ತು ಖಂಡುಗ ಗೇಣಿ ಕೊಡಬೇಕೆಂದಿಟ್ಟುಕೊಳ್ಳಿ. ಅಂದರೆ 400 ಕೊಳಗ. ಕೊಳಗವೊಂದಕ್ಕೆ ಅರ್ಧ ಸೇರು ಹೆಚ್ಚು ಹೋದರೆ 200 ಸೇರು. ಮೂರು ಸೇರಿನ ಲೆಕ್ಕದಲ್ಲಿ ಅದು ಮೂರು ಖಂಡುಗಕ್ಕೂ ಮಿಗಿಲು. ಯಾವ ಪತ್ರದಲ್ಲೂ ಬರೆಯದ, ಯಾರೂ ಬಾಯಿಬಿಟ್ಟು ಕೇಳದ ಮೂರು ಖಂಡುಗ ಭತ್ತ ಪ್ರತಿ ವರ್ಷ ಕಣದಿಂದ ಹೊರಟುಹೋಗುತ್ತಿತ್ತು. ಮಳೆಗಾಲದ ಕೊನೆಯಲ್ಲಿ ಒಂದು ಸಂಸಾರದ ಗಂಜಿಗೆ ಸಾಲದೇ ಹೋಗುತ್ತಿದ್ದುದು ಇದೇ ಭತ್ತ.

ಇಕ್ಕೇರಿಯ ಕಂಬಗಳನ್ನು ಈಗ ನೆನಪಿಸಿಕೊಳ್ಳಿ. ತೋಟದ ಅಳತೆ ಎಲ್ಲರ ಕಣ್ಣ ಮುಂದೆ ಕಲ್ಲಿನಲ್ಲಿತ್ತು. ಭತ್ತದ ಅಳತೆ ಒಡೆಯರ ಮನೆಯ ಅಟ್ಟದಲ್ಲಿತ್ತು.

1948ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸಾಗರ ತಾಲ್ಲೂಕಿನ ರೈತಸಂಘ ಹುಟ್ಟಿತು. ಸಂಘ ಕೇಳಿದ್ದೇನು? ಅಳತೆ ಸರಿಯಿರಲಿ, ಕೊಟ್ಟ ಗೇಣಿಗೆ ರಶೀದಿ ಕೊಡಲಿ, ಬಿಟ್ಟಿ ದುಡಿಮೆ ನಿಲ್ಲಲಿ. ರಾಜ್ಯ ಕೊಡಿ ಎಂದಲ್ಲ, ಮೂರು ಸೇರಿಗೆ ಮೂರೇ ಸೇರು ಎಂದು. ಇಷ್ಟು ಸಣ್ಣ ಕೋರಿಕೆಗೂ ಒಪ್ಪಿಗೆ ಸಿಗಲಿಲ್ಲ. ಸಾಗರದ ಹತ್ತಿರದ ಕಾಗೋಡು ಎಂಬ ಹಳ್ಳಿಯಲ್ಲಿ ಗೇಣಿದಾರರನ್ನು ಭೂಮಿಯಿಂದ ಬಿಡಿಸಹೊರಟಾಗ 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ರೈತರು ತಂಡತಂಡವಾಗಿ ನೇಗಿಲು ಹಿಡಿದು ತಾವೇ ಉಳುತ್ತಿದ್ದ ಗದ್ದೆಗೆ ಇಳಿಯುವುದು, ಪೊಲೀಸರು ಬಂಧಿಸುವುದು, ಮರುದಿನ ಇನ್ನೊಂದು ತಂಡ. ಹೆಂಗಸರೂ ಇಳಿದರು. ಸಮಾಜವಾದಿ ಪಕ್ಷ ಹೋರಾಟಕ್ಕೆ ಹೆಗಲು ಕೊಟ್ಟಿತು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಯಾದರು. ಆ ಹೋರಾಟದಲ್ಲಿ ಎದ್ದು ಕಂಡ ತೀರ್ಥಹಳ್ಳಿ ತಾಲ್ಲೂಕಿನ ಆರಗದ ತರುಣ ಶಾಂತವೇರಿ ಗೋಪಾಲಗೌಡರನ್ನು 1952ರ ಮೊದಲ ಚುನಾವಣೆಯಲ್ಲಿ ಸಾಗರ–ಹೊಸನಗರದ ಮತದಾರರು ಶಾಸನಸಭೆಗೆ ಕಳಿಸಿದರು. ನೋಡಿ, ನಮ್ಮ ಮೂರು ತಾಲ್ಲೂಕುಗಳೂ ಒಂದು ಕೊಳಗದ ಸುತ್ತ ಸೇರಿದವು.

ದೇಶಕ್ಕೆ ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾಗಿತ್ತು ಎಂಬುದನ್ನು ಮರೆಯಬೇಡಿ. ದಂಡಿಯಲ್ಲಿ ಒಂದು ಹಿಡಿ ಉಪ್ಪು, ಕಾಗೋಡಿನಲ್ಲಿ ಅರ್ಧ ಸೇರು ಭತ್ತ. ಆದರೆ ದಂಡಿಯ ಹೋರಾಟ ಪರದೇಶಿಯರ ವಿರುದ್ಧ. ಇದು ಹಬ್ಬಕ್ಕೆ ಎಲೆ ಅಡಿಕೆ ಕೊಟ್ಟು ಕರೆಯುವ ನೆರೆಮನೆಯವರ ನಡುವೆ. ಅದಕ್ಕೇ ಇದನ್ನು ಕುರಿತು ಮಾತಾಡುವುದು ನಮ್ಮ ಕಡೆ ಇಂದಿಗೂ ಸುಲಭವಲ್ಲ.

ಸತ್ಯಾಗ್ರಹ ಕೂಡಲೇ ಗೆಲ್ಲಲಿಲ್ಲ. ಉಳುವವನೇ ಹೊಲದೊಡೆಯ ಎಂಬ ಘೋಷಣೆ ಕಾಯಿದೆಯಾಗಲು ಇನ್ನೂ ಎರಡು ದಶಕ ಬೇಕಾಯಿತು. ದೇವರಾಜ ಅರಸು ಅವರ ಸರ್ಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿದಾರರು ಏಳನೇ ನಮೂನೆಯ ಅರ್ಜಿಯನ್ನು ಭೂನ್ಯಾಯಮಂಡಳಿಗೆ ಕೊಟ್ಟರು. 'ಡಿಕ್ಲರೇಶನ್ ಕೊಡುವುದು' ಎಂಬ ಮಾತನ್ನು ನಿಮ್ಮ ಅಜ್ಜಂದಿರು ಆಡಿದ್ದನ್ನು ಕೇಳಿದ್ದರೆ ಅದು ಇದೇ. ಕೆಲವರು ಅದನ್ನು ನಗುತ್ತಾ ಹೇಳುತ್ತಾರೆ, ಕೆಲವರು ನಿಟ್ಟುಸಿರಿಟ್ಟು. ಅದರಿಂದಲೇ ಆ ಮನೆ ಜಗಲಿಯ ಯಾವ ಬದಿಯಲ್ಲಿತ್ತೆಂದು ತಿಳಿದುಬಿಡುತ್ತದೆ.

ಕಾಯಿದೆ ಬಂದರೂ ತಡವಾಗಿಹೋದ ಗದ್ದೆಗಳೂ ಇವೆ. ಅದಕ್ಕೊಂದು ಒಗಟು.

'ತಮ್ಮ ಅಣ್ಣನನ್ನು ನುಂಗಿದ. ನುಂಗಿದ್ದು ಕರಗಲಿಲ್ಲ. ತಮ್ಮ ಬಡವಾದಾಗ ಅಣ್ಣ ತಲೆಯೆತ್ತಿ ನೋಡುತ್ತಾನೆ.'

ಅಣ್ಣ, ಶರಾವತಿಗೆ ಅಡ್ಡಲಾಗಿ 1940ರ ದಶಕದಲ್ಲಿ ಮಡೆನೂರಿನ ಬಳಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆ. ತಮ್ಮ, 1964ರ ಲಿಂಗನಮಕ್ಕಿ. ದೊಡ್ಡ ಅಣೆಕಟ್ಟೆಯ ಹಿನ್ನೀರಿನಲ್ಲಿ ಚಿಕ್ಕದು ಮುಳುಗಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಹಳೆಯ ಕಟ್ಟೆ ಎದ್ದು ನಿಲ್ಲುತ್ತದೆ, ನೋಡಲು ಜನ ಹೋಗುತ್ತಾರೆ. ಅದರ ಸುತ್ತ ಮನೆಗಳಿದ್ದವು, ಕಣಗಳಿದ್ದವು, ಭೂಮಣ್ಣಿ ಬುಟ್ಟಿ ಹೊತ್ತು ನಡೆದ ಗದ್ದೆಯ ಅಂಚುಗಳಿದ್ದವು. 1964ರಲ್ಲಿ ಮುಳುಗಿದ ಗದ್ದೆಗೆ 1974ರ ಕಾಯಿದೆ ತಲುಪುವಂತಿರಲಿಲ್ಲ. ಹಿನ್ನೀರಿನ ಆಚೆ ಉಳಿದವರು ದಶಕಗಳ ಕಾಲ ಲಾಂಚಿನಲ್ಲಿ ದಾಟಿದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ.

ಇಂಥ ವಸ್ತುಗಳನ್ನು ಕಣ್ಣಾರೆ ನೋಡಬೇಕೆನಿಸಿದರೆ ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಹೋಗಿ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆಯಲ್ಲಿ ಹಳೆಯ ಮಲೆನಾಡ ಮನೆಯೊಂದು ಪಾತ್ರೆಪಡಗಗಳ ಸಮೇತ ಕಾಯ್ದಿಟ್ಟಂತೆ ಇದೆ. ಅದಕ್ಕೂ ಮೊದಲು ನಿಮ್ಮದೇ ಅಟ್ಟ ಹತ್ತಿ ನೋಡಿ. ಸಿಕ್ಕ ವಸ್ತುವಿನ ಹೆಸರನ್ನು ಅಜ್ಜಿಯಿಂದ ಕೇಳಿ ಬರೆದುಕೊಳ್ಳಿ. ಅಜ್ಜಿ ಯಾವುದಾದರೂ ಒಂದಕ್ಕೆ ಉತ್ತರ ಹೇಳದೆ ಕವಳದ ತಟ್ಟೆ ಎಳೆದುಕೊಂಡರೆ ಅದನ್ನೂ ಬರೆದುಕೊಳ್ಳಿ.

1956ರ ಕಾಯಿದೆಯ ಮೇಲೆ ದೇಶಕ್ಕೆಲ್ಲ ಕಿಲೋ, ಲೀಟರುಗಳು ಹಂತಹಂತವಾಗಿ ಬಂದವು. ಸೇರು, ಕೊಳಗಗಳು ಮೂಲೆ ಸೇರಿದವು. ನಮ್ಮ ಮನೆಯ ಕೊಳಗಗಳು ಎಷ್ಟೋ ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಾಡಿನ ಹಂಚು ಬದಲಿಸಲೆಂದು ಅಟ್ಟ ಖಾಲಿ ಮಾಡಿದಾಗ ಎರಡೂ ಕೆಳಗಿಳಿದವು. ಒಂದೇ ಮರ, ಒಂದೇ ಕೆತ್ತನೆ. ಹೊರಗಿನಿಂದ ನೋಡಿದರೆ ದೊಡ್ಡದು ಚಿಕ್ಕದೆಂದು ಹೇಳಲು ಹಿಂದೆಮುಂದೆ ನೋಡಬೇಕು. ಒಗಟು ಕೇಳಿದ ಹಿರಿಯರು ಆ ಹೊತ್ತಿಗೆ ತೀರಿಕೊಂಡಿದ್ದರು. ಹಂಚು ಇಳಿಸಲು ಅವರ ಮಗ ಬಂದಿದ್ದರು. ಗೇಣಿಗಿದ್ದ ಗದ್ದೆ ಈಗ ಅವರದೇ. ನಾನು ಅವರಿಗೆ ಆ ಒಗಟನ್ನು ಹೇಳಿದೆ. ಅವರು ನಗಲಿಲ್ಲ. 'ಒಂದ್ಸಲ ಅಳದೇ ನೋಡ್ಬಿಡಾನ' ಎಂದರು.

ಪಣತದಿಂದ ಭತ್ತ ತಂದು ಚಿಕ್ಕ ಕೊಳಗವನ್ನು ಬಾಯಿಮಟ್ಟ ತುಂಬಿ ಕೈಯಿಂದ ಸವರಿದೆವು. ಅದನ್ನು ದೊಡ್ಡದಕ್ಕೆ ಸುರಿದೆವು. ಕಾಳೂ ಹೊರಗೆ ಚೆಲ್ಲದಂತೆ ಅವರೇ ಕೈ ಅಡ್ಡ ಹಿಡಿದರು. ಭತ್ತ ಪೂರ್ತಿ ಬಿದ್ದ ಮೇಲೆ ಒಳಗೆ ಬೆರಳಿಟ್ಟು ನೋಡಿದರು. ಬಾಯಿಯ ಅಂಚಿಗೆ ಇನ್ನೂ ನಾಲ್ಕು ಬೆರಳು ಬಾಕಿಯಿತ್ತು.